ಕಣ್ಣಿನ ಮೇಲಿನ ಹೆಸರು

ಆ ಶುಕ್ರವಾರ ಕೈರೋದ ಪಕ್ಕದ ನಮ್ಮೂರು ಫುಸ್ತಾತಿನ ದೊಡ್ಡ ಮಸೀದಿಯಲ್ಲಿ ಪ್ರವಚನಕ್ಕೆ ನಿಂತವನು, ಖಲೀಫರ ಹೆಸರು ಹೇಳಿ ಪ್ರಾರ್ಥಿಸಬೇಕಾದ ಕಡೆ ಬಂದಾಗ ಒಂದು ಗಳಿಗೆ ತಡೆದ. ಗಂಟಲು ಸರಿಮಾಡಿಕೊಂಡ. ಆಮೇಲೆ ನಮ್ಮ ಕೈರೋ ಅರಮನೆಯವರ ಹೆಸರು ಬಿಟ್ಟು, ದೂರದ ಬಾಗ್ದಾದಿನ ಖಲೀಫರ ಹೆಸರು ಹೇಳಿ ಮುಂದಕ್ಕೆ ಹೋದ.

ಇನ್ನೂರು ವರ್ಷ ಈ ನೆಲ ಆಳಿದ ಮನೆತನ ಹೋದದ್ದು ಹೀಗೆ. ಅಷ್ಟು ದೊಡ್ಡದು ಬೀಳುವಾಗ ಒಂದಿಷ್ಟು ಸದ್ದಾದರೂ ಆಗಬೇಡವೇ? ಆಗಲಿಲ್ಲ. ಮುಂದಿನ ಸಾಲಿನಲ್ಲಿ ಯಾರೋ ಸೀನಿದರು. ಕಂಬದ ಬಳಿ ಕೂತಿದ್ದ ಮೀನಿನ ವ್ಯಾಪಾರಿ ಕಾಲು ಕೆರೆದುಕೊಳ್ಳುತ್ತಿದ್ದವನು ಕೆರೆದುಕೊಳ್ಳುತ್ತಲೇ ಇದ್ದ. ನಮಾಜು ಮುಗಿಯಿತು, ಎಲ್ಲರೂ ಚಪ್ಪಲಿ ಹುಡುಕಿಕೊಂಡು ಮನೆಗೆ ಹೊರಟರು.

ಮಕಾರಿಮ್ ಮಾತ್ರ ಚಪ್ಪಲಿ ಕೈಯಲ್ಲಿ ಹಿಡಿದು ಅಲ್ಲೇ ನಿಂತುಬಿಟ್ಟ. ಅವನಿಗೆ ಅರಮನೆಯ ನೆನಪಾಗಲಿಲ್ಲ, ಖಲೀಫರ ನೆನಪೂ ಆಗಲಿಲ್ಲ. ಮನೆಯ ಪೆಟ್ಟಿಗೆಯ ತಳದಲ್ಲಿ ಮಡಿಸಿಟ್ಟ ಒಂದು ಮೊಳ ಬಟ್ಟೆಯ ನೆನಪಾಯಿತು.

ಮಕಾರಿಮ್ ಅರವತ್ತನಾಲ್ಕು ವರ್ಷದ ನೇಕಾರ. ಸರ್ಕಾರಿ ಮಗ್ಗಶಾಲೆಯಲ್ಲಿ ಅವನ ಕೆಲಸ ಒಂದೇ, ಬಿಳಿ ನಾರುಬಟ್ಟೆಯ ಅಂಚಿಗೆ ಕೆಂಪು ರೇಷ್ಮೆಯಲ್ಲಿ ಖಲೀಫರ ಹೆಸರು ನೇಯುವುದು. ಅರಮನೆಯಿಂದ ಯಾರಿಗೆ ಉಡುಗೊರೆಯ ನಿಲುವಂಗಿ ಹೋದರೂ ಅದರ ತೋಳಿನ ಮೇಲೆ ಆ ಹೆಸರಿನ ಪಟ್ಟಿ ಇರಲೇಬೇಕು. ಹದಿನಾರನೇ ವಯಸ್ಸಿಗೆ ಮಗ್ಗಕ್ಕೆ ಕೂತವನು ಈವರೆಗೆ ಐದು ಖಲೀಫರ ಹೆಸರು ನೇಯ್ದಿದ್ದ, ಆದರೆ ಒಂದಕ್ಷರ ಓದಲು ಬಾರದು. ಮಗ್ಗಶಾಲೆಯ ಯಜಮಾನ ‘ಏಳು ಮೇಲೆ, ಮೂರು ಕೆಳಗೆ, ಎರಡು ಬಿಡು’ ಎಂದು ಎಳೆ ಎಣಿಸಿ ಹಾಡಿದಂತೆ ಹೇಳುತ್ತಾನೆ. ನೇಕಾರರು ಅದನ್ನೇ ಗುನುಗುತ್ತಾ ಕೈ ಆಡಿಸುತ್ತಾರೆ. ಹೆಸರು ಇರುವುದು ಬೆರಳಿನಲ್ಲಿ, ತಲೆಯಲ್ಲಲ್ಲ. ಅದೂ ಬಟ್ಟೆಯ ಹಿಂಬದಿಯಿಂದ ನೇಯುವುದು. ಮುಂಬದಿ ಹೇಗೆ ಬಂದಿದೆ ಎಂದು ಕಾಣುವುದು ಮಗ್ಗದಿಂದ ಇಳಿಸಿದ ಮೇಲೆಯೇ.

ಸತ್ತವರಿಗೆ ಕಫನು, ಅಂದರೆ ಹೆಣದ ಬಟ್ಟೆ, ಉಡಿಸಿ ಕಣ್ಣಿನ ಮೇಲೆ ಆ ಹೆಸರಿನ ಪಟ್ಟಿ ಹಾಸಿ ಮಣ್ಣು ಮಾಡುವುದು ನಮ್ಮೂರಿನ ಪದ್ಧತಿ. ಹೆಸರಿನಲ್ಲಿ ಬರಕತ್ತಿದೆ, ಮಣ್ಣಿನೊಳಗೂ ಅದು ಕಾಯುತ್ತದೆ ಎಂದು ನಂಬಿಕೆ. ಅರಮನೆಯವರ ಪಂಥ ಬೇರೆ, ನಮ್ಮದು ಬೇರೆ, ಆದರೂ ಹಾಸುತ್ತಿದ್ದೆವು. ಕ್ರೈಸ್ತರೂ ಹಾಸುತ್ತಿದ್ದರು. ಒಳ್ಳೆಯ ಬಟ್ಟೆಗೆ ಯಾರು ಬೇಡವೆನ್ನುತ್ತಾರೆ?

ಮಕಾರಿಮನ ಪೆಟ್ಟಿಗೆಯಲ್ಲಿದ್ದದ್ದು ಅಂಥದ್ದೇ ಪಟ್ಟಿ. ಆದರೆ ಅದರ ಕಥೆ ಬೇರೆ. ಇಪ್ಪತ್ತಾರು ವರ್ಷದ ಹಿಂದೆ ಅವನಿಗೊಬ್ಬಳು ಮಗಳಿದ್ದಳು, ಜುಮಾನಾ ಎಂದು, ಆರು ವರ್ಷದವಳು. ಆಗ ಮಗ್ಗ ಮನೆಯಲ್ಲೇ ಇತ್ತು. ಅವಳು ಮಗ್ಗದ ಎಡಗಡೆ ಕೂತು ನೋಡುವಳು. ಹೆಸರಿನ ಕೆಳಗೆ ಸಾಲಾಗಿ ಪುಟ್ಟ ಪುಟ್ಟ ಮೊಲಗಳನ್ನು ನೇಯುವುದು ವಾಡಿಕೆ. ಎಲ್ಲ ಮೊಲಗಳೂ ಬಲಕ್ಕೆ ಮುಖ ಮಾಡಿ ಓಡುತ್ತವೆ.

“ಎಲ್ಲಾ ಆ ಕಡೆ ನೋಡ್ತಾವೆ. ನನ್ ಕಡೆ ಒಂದೂ ನೋಡಲ್ಲ,” ಎಂದು ಒಂದು ದಿನ ಹಟ ಹಿಡಿದಳು.

ಅಪ್ಪ ಒಂದು ಮೊಲವನ್ನು ಎಡಕ್ಕೆ ತಿರುಗಿಸಿದ. ಮಾರನೇ ದಿನ ಮತ್ತೆ ಅಳು. “ಅದು ಒಂದೇ ಇದೆ ಅಪ್ಪಾ. ಅದಕ್ಕೆ ಜೊತೆಗ್ಯಾರಿದಾರೆ?” ಸರಿ, ಒಂದು ಗೇಣು ದಾಟಿದ ಮೇಲೆ ಇನ್ನೊಂದನ್ನೂ ಎಡಕ್ಕೆ ತಿರುಗಿಸಿದ. ಬಟ್ಟೆ ಒಯ್ದಾಗ ಯಜಮಾನ ಒಂದೇ ನೋಟಕ್ಕೆ ತಪ್ಪು ಹಿಡಿದ. ಅರಮನೆಗೆ ಲಾಯಕ್ಕಿಲ್ಲದ ಬಟ್ಟೆ ನೇಯ್ದವನಿಗೇ ಸೇರಬೇಕೆಂಬುದು ಮಗ್ಗಶಾಲೆಯ ನಿಯಮ, ಹಾಗೆ ಅದು ಮನೆಗೆ ವಾಪಸು ಬಂತು. ಬಂದ ಹತ್ತೇ ದಿನಕ್ಕೆ ಮಗುವಿಗೆ ಜ್ವರ ಬಂತು. ಐದನೇ ದಿನ ಹೋಗಿಬಿಟ್ಟಳು.

ಬಟ್ಟೆಯನ್ನು ಎಡಕ್ಕೆ ತಿರುಗಿದ ಎರಡು ಮೊಲಗಳ ನಡುವೆ ಕತ್ತರಿಸಿ ಅರ್ಧವನ್ನು ಮಗುವಿನ ಕಣ್ಣಿನ ಮೇಲೆ ಹಾಸಿದರು. ಉಳಿದರ್ಧವನ್ನು ತಾಯಿ ತುರ್ಫಾ ಪೆಟ್ಟಿಗೆಯಲ್ಲಿಟ್ಟಳು. “ಇದು ನಂದು. ನನಗೆ ಹಾಸೋಕೆ,” ಎಂದಳು. ಮೂರು ವರ್ಷದ ಹಿಂದೆ ಸಮುದ್ರದಾಚೆಯಿಂದ ಬಂದ ಫ್ರಾಂಕರ ಸೈನ್ಯದ ಕೈಗೆ ಊರು ಸಿಗಬಾರದೆಂದು ಸರ್ಕಾರದವರೇ ಫುಸ್ತಾತಿಗೆ ಬೆಂಕಿ ಇಟ್ಟಾಗ ಮನೆ ಹೋಯಿತು, ಮಗ್ಗ ಹೋಯಿತು. ಆಗಲೇ ಕಣ್ಣು ಕಳೆದುಕೊಂಡಿದ್ದ ತುರ್ಫಾ ಆ ಪೆಟ್ಟಿಗೆಯನ್ನು ತಬ್ಬಿಕೊಂಡೇ ಕೈರೋದವರೆಗೆ ಕತ್ತೆಯ ಮೇಲೆ ಕೂತಿದ್ದಳು. ಆಮೇಲೆ ಎಲ್ಲರಂತೆ ಅವರೂ ವಾಪಸು ಬಂದು, ಅರೆಬೆಂದ ಕಟ್ಟಡವೊಂದರ ಮೂರನೇ ಅಂತಸ್ತಿನಲ್ಲಿ ಒಂದು ಕೋಣೆ ಹಿಡಿದಿದ್ದರು.

ಆ ಶುಕ್ರವಾರ ಮಕಾರಿಮ್ ಮೆಟ್ಟಿಲು ಹತ್ತಿ ಬಂದಾಗ ತುರ್ಫಾ ದಿಂಬಿಗೆ ಒರಗಿ ಮುಲೂಖಿಯಾ ಸೊಪ್ಪು ಬಿಡಿಸುತ್ತಿದ್ದಳು. ಕಾಲು ಬಾತು ಹೊಟ್ಟೆಯವರೆಗೂ ನೀರು ತುಂಬಿತ್ತು. ನೈಲ್ ನದಿಯ ಪ್ರವಾಹ ಇಳಿಯುವವರೆಗೆ ಇದ್ದರೆ ಹೆಚ್ಚು ಎಂದು ವೈದ್ಯ ಹೇಳಿ ಹೋಗಿದ್ದ. ಅವಳ ಬಾಯಿ ಮಾತ್ರ ಎಂದಿನಂತೆಯೇ ಇತ್ತು.

“ಏನಯ್ಯಾ, ಹೆಜ್ಜೆ ಎಳೀತಿದೀಯಾ? ಮಸೀದೀಲಿ ಚಪ್ಪಲಿ ಕದ್ರಾ?”

“ಖಲೀಫರ ಹೆಸರು ಹೇಳ್ಲಿಲ್ಲ ಕಣೇ. ಬಾಗ್ದಾದಿನೋರ ಹೆಸರು ಹೇಳಿದ್ರು.”

“ಹೌದಾ! ನಮ್ಮ ಹುಡುಗ ಏನಂದನಂತೆ?” ಅವಳು ‘ಹುಡುಗ’ ಎಂದದ್ದು ಖಲೀಫರಿಗೆ. ಇಪ್ಪತ್ತರ ಪ್ರಾಯದವರು, ಅರಮನೆಯಲ್ಲಿ ಕಾಯಿಲೆ ಮಲಗಿದ್ದರು.

“ಅವರಿಗೆ ಯಾರೂ ಹೇಳೇ ಇಲ್ವಂತೆ. ಸಾಯೋ ಸ್ಥಿತೀಲಿದಾರೆ, ಯಾಕೆ ಹೇಳ್ಬೇಕು ಅಂತ.”

ತುರ್ಫಾ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದಳು. “ಪಾಪ. ಯಾರ ಮಗನೋ ಏನೋ. ಒಳ್ಳೇದೇ ಆಯ್ತು ಬಿಡು, ಸಾಯೋರಿಗೆ ಅದೆಲ್ಲ ಯಾಕೆ.” ಮತ್ತೆ ಸೊಪ್ಪಿಗೆ ಕೈ ಹಾಕಿ ನಗುತ್ತಾ, “ಇವರ ಮುತ್ತಾತನೋ ಯಾರೋ ಒಬ್ಬ ಈ ಮುಲೂಖಿಯಾನೇ ತಿನ್ಬಾರ್ದು ಅಂತ ಡಂಗುರ ಹೊಡೆಸಿದ್ದನಂತಲ್ಲಾ. ನೋಡು, ಅವನೂ ಹೋದ, ಅವನ ಮನೆತನಾನೂ ಹೋಯ್ತು. ಸೊಪ್ಪು ನನ್ ಮಡಿಲಲ್ಲಿದೆ. ಒಲೆ ಹೊತ್ತಿಸು, ಹಸಿವಾಗ್ತಿದೆ,” ಎಂದಳು.

ಮಾರನೇ ದಿನ ಮಗ್ಗಶಾಲೆಗೆ ಹೊಸ ಅಧಿಕಾರಿ ಬಂದ. ಹುಬೈಶ್ ಎಂದು ಹೆಸರು, ಡಮಾಸ್ಕಸ್ಸಿನಿಂದ ಸೈನ್ಯ ತಂದು ಈಗ ಅಧಿಕಾರ ಹಿಡಿದವರ ಕಡೆಯವನು. ನಮ್ಮ ಗಾಳಿ ಒಗ್ಗದೆ ಸದಾ ಮೂಗು ಒರೆಸಿಕೊಳ್ಳುತ್ತಿದ್ದ, ಆದರೆ ಮಾತು ಕಟ್ಟುನಿಟ್ಟು. ಹಳೆಯ ಮನೆತನದ ಹೆಸರಿರುವ ಬಟ್ಟೆ ಯಾವ ನೇಕಾರನ ಮನೆಯಲ್ಲಿದ್ದರೂ ಹತ್ತು ದಿನದೊಳಗೆ ತಂದೊಪ್ಪಿಸಬೇಕು. ಆಮೇಲೆ ಮನೆ ಮನೆ ಶೋಧನೆ. ಸಿಕ್ಕಿಬಿದ್ದವನು ಮತ್ತೆ ಮಗ್ಗ ಮುಟ್ಟುವ ಹಾಗಿಲ್ಲ.

ಪಕ್ಕದ ಮಗ್ಗದ ಬುಕ್ತುರ್ ಮಕಾರಿಮನ ಕಿವಿಯ ಬಳಿ ಬಾಗಿದ. ನಲವತ್ತು ವರ್ಷದ ಜೊತೆಗಾರ ಅವನು, ಕ್ರೈಸ್ತ, ಬಾಯಿ ಬಡುಕ.

“ಮುಖ ಯಾಕೆ ಹಾಗೆ ಮಾಡ್ಕೊಂಡಿದೀಯೋ? ನಮಗೇನು ಕಷ್ಟ, ಅದೇ ಹಾಸು, ಅದೇ ಹೊಕ್ಕು. ಮೊದಲು ಐದು ಹೆಸರು ನೇಯ್ದೆ, ಇದು ಆರನೇದು.”

“ಪೆಟ್ಟಿಗೇಲಿ ತುರ್ಫಾಳ ಬಟ್ಟೆ ಇದೆ.”

ಬುಕ್ತುರನ ನಗು ನಿಂತಿತು. “ಅಯ್ಯೋ ದೇವ್ರೇ,” ಎಂದ. ಅವನಿಗೆ ಆ ಬಟ್ಟೆಯ ಕಥೆ ಗೊತ್ತಿತ್ತು. ಜುಮಾನಾಳ ಚಟ್ಟಕ್ಕೆ ಹೆಗಲು ಕೊಟ್ಟವರಲ್ಲಿ ಅವನೂ ಒಬ್ಬ.

ಅಷ್ಟರಲ್ಲಿ ಯಜಮಾನ ಹೊಸ ಹೆಸರಿನ ಎಣಿಕೆ ಹಾಡಲು ಶುರುಮಾಡಿದ. ಆರಂಭದ ಪ್ರಾರ್ಥನೆಯ ಸಾಲು ಹಳೆಯದಕ್ಕೂ ಹೊಸದಕ್ಕೂ ಒಂದೇ, ಕೈಗೆ ಪಳಗಿದ್ದು. ಆಮೇಲೆ ಎಣಿಕೆ ಬೇರೆ ದಾರಿ ಹಿಡಿಯಿತು. ‘ಐದು ಮೇಲೆ, ಒಂದು ಕೆಳಗೆ, ನಾಲ್ಕು ಬಿಡು.’ ಮೂವತ್ತು ಮಂದಿ ನೇಕಾರರು ಅದನ್ನೇ ಗುನುಗಿದರು. ಬೆಳಗಿನಿಂದ ಸಂಜೆವರೆಗೆ ಅದೇ, ಮಾರನೇ ದಿನವೂ ಅದೇ. ದಾರಿಯಲ್ಲಿ ನಡೆಯುವಾಗಲೂ ಅದು ಬಾಯಿಂದ ಬಿಡದು.

ಮಕಾರಿಮ್ ಪುಕ್ಕಲ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಬಟ್ಟೆಯನ್ನು ಒಯ್ದು ಒಪ್ಪಿಸಲು ಅವನಿಗೆ ಮನಸ್ಸು ಬರಲಿಲ್ಲ. ಬಚ್ಚಿಡೋಣವೆಂದರೆ ಇರುವುದು ಒಂದು ಕೋಣೆ, ಒಂದು ಪೆಟ್ಟಿಗೆ. ನೇಕಾರನ ಬುದ್ಧಿಗೆ ಹೊಳೆಯುವುದು ನೇಕಾರನ ಉಪಾಯವೇ. ಭಾನುವಾರ ಸಂಜೆ ಬೆಳಕಿರುವಾಗಲೇ ಕಿಟಕಿಯ ಬಳಿ ಕೂತು, ಸೂಜಿಯ ಮೊನೆಯಿಂದ ಹೆಸರಿನ ಕೆಂಪು ರೇಷ್ಮೆಯನ್ನು ಒಂದೊಂದೇ ಎಳೆಯಾಗಿ ಕೀಳತೊಡಗಿದ. ಹೆಸರು ಹೋದರೆ ಬಟ್ಟೆ ಉಳಿಯುತ್ತದಲ್ಲ ಎಂಬ ಲೆಕ್ಕ. ಹೆಂಡತಿ ಎರಡು ಮಾರು ದೂರದಲ್ಲಿ ಮಲಗಿದ್ದಳು. ಕಾಣದವಳ ಎದುರಿಗೂ ಅವನು ಕಳ್ಳನಂತೆ ಬೆನ್ನು ತಿರುಗಿಸಿಕೊಂಡು ಕೀಳುತ್ತಿದ್ದ.

“ಏನ್ ಮಾಡ್ತಿದೀಯಾ ಅಲ್ಲಿ?” ಎಂದಳು ತುರ್ಫಾ.

“ಅಂಗಿ ಹರಿದಿದೆ, ಹೊಲೀತಿದೀನಿ.”

“ಹೊಲಿ, ಹೊಲಿ,” ಎಂದು ಗೋಡೆಯ ಕಡೆ ತಿರುಗಿ ಮಲಗಿದಳು.

ಕಿತ್ತ ರೇಷ್ಮೆಯನ್ನು ಕಾಲುವೆಗೆ ಎಸೆದು ಬಂದ. ಈಗ ಪಟ್ಟಿಯಲ್ಲಿ ಮೊಲದ ಸಾಲೊಂದು ಉಳಿದಿತ್ತು. ಅದರ ಮೇಲೆ, ಹೆಸರಿದ್ದ ಜಾಗದಲ್ಲಿ, ಬರೀ ಹಾಸಿನ ನೂಲು ಹಲ್ಲುದುರಿದ ಬಾಯಿಯ ಹಾಗೆ ಕಾಣುತ್ತಿತ್ತು. ಮೊಲವನ್ನು ಕೀಳಲಿಲ್ಲ, ಮೊಲ ಯಾವ ಖಲೀಫನದ್ದೂ ಅಲ್ಲವಲ್ಲ.

ಬುಧವಾರ ಖಲೀಫರು ತೀರಿಕೊಂಡ ಸುದ್ದಿ ಬಂತು. ಅದೇ ಸಂಜೆ ತುರ್ಫಾಳಿಗೆ ಉಸಿರು ಕಟ್ಟಿ ಕಟ್ಟಿ ಬಂತು. ಸ್ವಲ್ಪ ಸುಧಾರಿಸಿದ ಮೇಲೆ, “ಆ ಬಟ್ಟೆ ತಗೊಂಬಾ. ಕಣ್ಣಿನ ಮೇಲೆ ಹಾಕಿ ನೋಡೋಣ, ಅಳತೆ ಸರಿಯಿದೆಯಾ ಅಂತ,” ಎಂದಳು.

“ಈಗ್ಯಾಕೆ ಅದೆಲ್ಲ?”

“ಮತ್ತೆ ಸತ್ ಮೇಲೆ ಅಳತೆ ಸರಿಯಿಲ್ಲ ಅಂತ ಎದ್ದು ಹೇಳೋಕಾಗುತ್ತಾ? ತಾ ಅಂದ್ರೆ ತಾ.”

ತಂದು ಹಾಸಿದ. ಅವಳು ಎರಡೂ ಕೈಯಿಂದ ಅಂಚು ಹಿಡಿದು ಬೆರಳು ಓಡಿಸಿದಳು. ಅವಳ ಹೆಬ್ಬೆರಳು ಎಡತುದಿಯ ಒಂದು ಕಡೆ ಹೋಗಿ ನಿಂತಿತು. ಸುಮಾರು ಹೊತ್ತು ಅಲ್ಲೇ ಇತ್ತು.

“ಸರಿಯಾಗಿದೆ,” ಎಂದಳು. “ಇದನ್ನೇ ಹಾಸ್ಬೇಕು, ಗೊತ್ತಾಯ್ತಾ? ಅವಳಿಗೆ ಹಾಸಿರೋದೂ ಇದೇ. ಎಲ್ಲರೂ ಎದ್ದು ನಿಲ್ಲೋ ದಿನ ಅಲ್ಲಿ ಎಷ್ಟು ಜನ ಇರ್ತಾರೋ. ಇಪ್ಪತ್ತಾರು ವರ್ಷ ಆಯ್ತು. ನಾನು ಮುದುಕಿ ಆಗಿದೀನಿ, ಕಣ್ಣು ಬೇರೆ ಹೋಗಿದೆ. ಮಗು ನನ್ನ ಹೇಗೆ ಗುರುತು ಹಿಡೀಬೇಕು ಹೇಳು? ಇದನ್ನ ನೋಡೇ ಹಿಡೀಬೇಕು.”

ಮಕಾರಿಮ್ ‘ಹೂಂ’ ಎಂದ. ಎದ್ದು ಚಾವಣಿಗೆ ಹೋಗಿ, ಒಣಹಾಕಿದ ಬಟ್ಟೆಗಳ ಮರೆಯಲ್ಲಿ ನಿಂತು ಅತ್ತ. ಹೆದರಿಕೆಯಲ್ಲಿ ತಾನು ಕಿತ್ತದ್ದು ಖಲೀಫನ ಹೆಸರಲ್ಲ, ಮಗಳು ಅಮ್ಮನನ್ನು ಹುಡುಕುವ ಗುರುತು ಎಂದು ಅವನಿಗೆ ಅನಿಸಿತು. ಮಗು ಆ ಜನಜಂಗುಳಿಯಲ್ಲಿ ಒಬ್ಬೊಬ್ಬರ ಕಣ್ಣುಪಟ್ಟಿ ನೋಡುತ್ತಾ ಹೋಗುವುದು, ಅಮ್ಮನ ಮುಂದೆ ಬಂದು ಬರಿಯ ನೂಲು ಕಂಡು ದಾಟಿ ಹೋಗುವುದು, ಎಲ್ಲ ಕಣ್ಣಿಗೆ ಕಟ್ಟಿತು. ಅಳು ಮುಗಿದಾಗ ಒಂದು ತೀರ್ಮಾನವೂ ಆಗಿತ್ತು. ಹೆಸರನ್ನು ಮತ್ತೆ ನೇಯುವುದು. ಶೋಧನೆಗೆ ಬರಲಿ, ಮಗ್ಗ ಕಿತ್ತುಕೊಳ್ಳಲಿ. ಜೀವಮಾನದಲ್ಲಿ ಮೊದಲ ಸಲ ಅವನಿಗೆ ಭಯವಾಗಲಿಲ್ಲ.

ರೇಷ್ಮೆಗೆ ಬುಕ್ತುರನನ್ನೇ ಕೇಳಿದ.

“ತಲೆ ಕೆಟ್ಟಿದೆಯೇನೋ ನಿಂಗೆ? ಈ ಕಡೆ ಹೊಸ ಹೆಸರು ನೇಯ್ತೀಯಾ, ಆ ಕಡೆ ಹಳೇದು ನೇಯ್ತೀಯಾ? ಆ ಮೂಗೊರೆಸೋನು ನಿನ್ನ ಕೈ ಕಟ್ಟಿಸ್ತಾನೆ.”

“ಕಟ್ಟಿಸ್ಲಿ.”

ಬುಕ್ತುರ್ ಹಣೆ ಚಚ್ಚಿಕೊಂಡು ತನ್ನ ಮಗ್ಗಕ್ಕೆ ತಿರುಗಿದ. ಮಾರನೇ ದಿನ ರೊಟ್ಟಿಯೊಳಗೆ ಸುತ್ತಿದ ಕೆಂಪು ರೇಷ್ಮೆಯ ಉಂಡೆ ಕೈಗೆ ಬಂತು. “ನನ್ನ ಹೆಂಡ್ತಿ ಮದುವೆ ಸೊಂಟಪಟ್ಟಿದು. ಅವಳಿಗೆ ಈಗ ಅದು ಸುತ್ತಲ್ಲ ಬಿಡು, ಅರ್ಧ ಸೊಂಟಕ್ಕೇ ಮುಗಿಯುತ್ತೆ,” ಎಂದ.

ಮಕಾರಿಮ್ ನಾಲ್ಕು ಕಡ್ಡಿ ಕಟ್ಟಿ ಚೌಕಟ್ಟು ಮಾಡಿ, ಬಟ್ಟೆಯನ್ನು ಬಿಗಿದು, ದಿನಾ ಬೆಳಗಿನ ನಮಾಜು ಮುಗಿಸಿ ಮಗ್ಗಶಾಲೆಗೆ ಹೋಗುವವರೆಗೆ ಚಾವಣಿಯಲ್ಲಿ ಕೂತು ನೇಯ್ದ. ಮಾಮೂಲಿನಂತೆ ಹಿಂಬದಿಯಿಂದ. ಕೆಳಗೆ ಹೆಂಡತಿ ಕೆಮ್ಮಿದರೆ ಇಳಿದು ಹೋಗಿ ನೀರು ಕುಡಿಸಿ, ಬೆನ್ನು ತಿಕ್ಕಿ, ಮತ್ತೆ ಹತ್ತಿ ಬರುವನು. ಆರಂಭದ ಸಾಲು ಸಲೀಸಾಗಿ ಬಂತು. ಆಮೇಲಿನದಕ್ಕೆ ಎಣಿಕೆ ಗುನುಗಿಕೊಂಡ, ಬೆರಳು ನಡೆಯಿತು. ಮನಸ್ಸು ಕೆಳಗಿನ ಕೆಮ್ಮಿನ ಕಡೆಗಿತ್ತು, ಕೈ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು. ಐದನೇ ದಿನ ಮುಗಿಸಿ, ತಿರುಗಿಸಿ, ಬಿಸಿಲಿಗೆ ಹಿಡಿದು ನೋಡಿದ. ಎಲ್ಲೂ ಎಳೆ ಸಡಿಲವಿಲ್ಲ, ಎಲ್ಲೂ ಗಂಟಿಲ್ಲ. ನೇಕಾರ ನೋಡುವುದು ಎಳೆಯನ್ನು, ಅಕ್ಷರವನ್ನಲ್ಲ. ಸಮಾಧಾನದಿಂದ ಪೆಟ್ಟಿಗೆಯಲ್ಲಿಟ್ಟ.

ಹುಬೈಶ್ ಬಂದದ್ದು ಎರಡು ದಿನದ ಮೇಲೆ, ಮಧ್ಯಾಹ್ನಕ್ಕೆ. ಇಬ್ಬರು ಪಹರೆಯವರು, ಮಗ್ಗಶಾಲೆಯ ಸಾಕ್ಷಿಯಾಗಿ ಬುಕ್ತುರ್. ಮೂರು ಅಂತಸ್ತು ಹತ್ತಿದ ಏದುಸಿರಿಗೆ ಹುಬೈಶನ ಮೂಗು ಇನ್ನಷ್ಟು ಸೋರುತ್ತಿತ್ತು. ಬುಕ್ತುರ್ ಪೆಟ್ಟಿಗೆಯ ಕಡೆ ನೋಡದೆ ಗೋಡೆ ನೋಡುತ್ತಿದ್ದ.

“ಹಳೇ ಬಟ್ಟೆ ಏನಾದ್ರೂ ಇದೆಯೇನಪ್ಪಾ?”

ಸುಳ್ಳು ಹೇಳಿದರೆ ಪೆಟ್ಟಿಗೆ ತೆರೆಯುತ್ತಾರೆ. ಮಕಾರಿಮ್ ತಾನೇ ಹೋಗಿ ತೆರೆದ. ಬಟ್ಟೆಯನ್ನು ಎರಡು ಕೈಯಲ್ಲಿ ಎತ್ತಿ ತಂದ.

“ಇದೆ ಸ್ವಾಮೀ. ನನ್ನ ಹೆಂಡ್ತಿ ಕಫನಿಗೆ ಇಟ್ಟಿರೋದು. ನಾನೇ ನೇಯ್ದಿದೀನಿ, ಗೊತ್ತಿದ್ದೇ ನೇಯ್ದಿದೀನಿ. ನನ್ನ ಮಗ್ಗ ತಗೊಳ್ಳಿ, ಬೇಕಾದ್ರೆ ಕಟ್ಕೊಂಡು ಹೋಗಿ. ನಿಮ್ಮ ದಮ್ಮಯ್ಯ ಅಂತೀನಿ, ಇದನ್ನ ಮಾತ್ರ ಅವಳಿಗೆ ಬಿಟ್ಬಿಡಿ.”

ಹುಬೈಶ್ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಹುಬ್ಬು ಗಂಟಿಕ್ಕಿ ಓದಿದ, ಇನ್ನೊಂದು ಸಲ ಓದಿದ. ಮುಖ ಅರಳಿತು.

“ಎಲಾ ಇವನ! ಊರಿಗೆ ಊರೇ ಹಳೇದನ್ನ ಮುಚ್ಚಿಟ್ಕೊಂಡು ಕೂತಿದ್ರೆ ಈ ಮುದುಕ ನೋಡ್ರಯ್ಯಾ, ಹೆಂಡ್ತಿ ಕಫನಿಗೂ ಬಾಗ್ದಾದಿನ ನಮ್ಮ ಖಲೀಫರ ಹೆಸರೇ ನೇಯ್ದಿದಾನೆ. ಅಲ್ಲಯ್ಯಾ, ಇದಕ್ಕೆ ಯಾಕೆ ಅಷ್ಟು ಹೆದರ್ತೀಯಾ? ಅಪ್ಪಣೆ ಕೇಳಿ ನೇಯ್ಬೇಕಿತ್ತು ಅಂತಾನಾ? ಇಟ್ಕೋ, ಇಟ್ಕೋ. ದೇವರು ನಿನ್ನ ಹೆಂಡ್ತೀನ ಚೆನ್ನಾಗಿಟ್ಟಿರ್ಲಿ.”

ಬಟ್ಟೆಯನ್ನು ಮಡಿಸಿ ಅವನ ಕೈಗಿಟ್ಟು, ಬೆನ್ನು ತಟ್ಟಿ, ಮೂಗು ಒರೆಸಿಕೊಂಡು ಇಳಿದು ಹೋದ. ಬುಕ್ತುರ್ ಬಾಗಿಲಲ್ಲಿ ಒಂದು ಕ್ಷಣ ನಿಂತ, ನಗಬೇಕೋ ಅಳಬೇಕೋ ತಿಳಿಯದೆ ಬಾಯಿಗೆ ಅಂಗಿಯ ತೋಳು ಒತ್ತಿಕೊಂಡು ಅವರ ಹಿಂದೆಯೇ ಹೋದ.

ಮಕಾರಿಮ್ ಬಟ್ಟೆ ಹಿಡಿದು ನೆಲದ ಮೇಲೆ ಕೂತ. ಹತ್ತು ದಿನದಿಂದ ಮಗ್ಗಶಾಲೆಯಲ್ಲಿ ಗುನುಗಿದ ಎಣಿಕೆಯೇ ಚಾವಣಿಯಲ್ಲೂ ಬಾಯಿಗೆ ಬಂದಿತ್ತು. ಐದು ಮೇಲೆ, ಒಂದು ಕೆಳಗೆ, ನಾಲ್ಕು ಬಿಡು. ಭಯ ಬಿಟ್ಟು ನಿಂತ ಒಂದೇ ಒಂದು ಸಲವೂ ಅವನ ಬೆರಳು ಹೊಸ ದೊರೆಯ ಚಾಕರಿ ಮಾಡಿತ್ತು. ಥೂ, ಇಂಥ ಕೈಯೂ ಒಂದು ಕೈಯೇ ಎಂದು ನೆಲಕ್ಕೆ ಬಡಿದುಕೊಂಡ.

ಹಾಸಿಗೆಯ ಕಡೆಯಿಂದ ಕ್ಷೀಣವಾದ ಸದ್ದು ಬಂತು. ತುರ್ಫಾ ನಗುತ್ತಿದ್ದಳು. ಹೊಟ್ಟೆ ಕುಲುಕಿ ಕೆಮ್ಮು ಬಂದರೂ ನಗು ನಿಲ್ಲಲಿಲ್ಲ.

“ನಗ್ಬೇಡ ಕಣೇ. ನನ್ನ ಹೊಟ್ಟೆ ಉರೀತಿದೆ.”

“ಯಾವಾಗ್ಲಿಂದ ಉರೀತಿದೆ? ಆ ಭಾನುವಾರ ಕೂತು ರೇಷ್ಮೆ ಕಿತ್ತಾಗ್ಲಿಂದಾನಾ?”

ಮಕಾರಿಮ್ ಕೈ ಬಡಿದುಕೊಳ್ಳುವುದನ್ನು ನಿಲ್ಲಿಸಿ ಅವಳ ಕಡೆ ತಿರುಗಿದ.

“ನಲವತ್ತು ವರ್ಷ ನಾರು ನೂತೋಳು ನಾನು. ನಾರಿಂದ ರೇಷ್ಮೆ ಎಳೆದ್ರೆ ಎಂಥ ಸದ್ದು ಬರುತ್ತೆ ಅಂತ ನಂಗೆ ಗೊತ್ತಾಗಲ್ವಾ? ಕಣ್ಣು ಹೋಗಿದೆ, ಕಿವಿ ಹೋಗಿಲ್ಲ. ಅಂಗಿ ಹೊಲೀತಿದಾನಂತೆ, ಅಂಗಿ! ಮದುವೆಯಾದಾಗ್ಲಿಂದ ಒಂದು ದಿನ ನಿನ್ನ ಅಂಗಿ ನೀನು ಹೊಲಿದಿದೀಯಾ?”

“ಗೊತ್ತಿದ್ದೂ ಯಾಕೆ ಸುಮ್ನಿದ್ದೆ?”

“ನೀನೇ ಹೇಳ್ತೀಯೇನೋ ಅಂತ ಕಾದೆ. ಹೇಳ್ಲಿಲ್ಲ. ಎಷ್ಟು ಹೆದರಿದೀಯೋ ಪಾಪ ಅನ್ನಿಸ್ತು. ಬುಧವಾರ ಅದಕ್ಕೇ ಬಟ್ಟೆ ತರಿಸಿ ಮುಟ್ಟಿ ನೋಡ್ದೆ. ಹೆಸರಿರ್ಲಿಲ್ಲ. ಮೊಲ ಇತ್ತು. ಸರಿಯಾಗಿದೆ ಅಂದ್ನಲ್ಲಾ.”

“ಮೊಲಾನಾ?”

“ಮತ್ತಿನ್ನೇನು? ಆರು ವರ್ಷದ ಮಗು ಕಣಯ್ಯಾ ಅದು. ಓದೋಕೆ ಬರ್ತಿತ್ತಾ ಅದಕ್ಕೆ? ನಿಂಗೂ ಬರಲ್ಲ, ನಂಗೂ ಬರಲ್ಲ. ಅಷ್ಟು ಜನದ ಮಧ್ಯೆ ಅವಳು ಖಲೀಫನ ಹೆಸರು ಹುಡುಕ್ತಾಳಾ, ತನ್ನ ಮೊಲದ ಜೊತೆಗಾರನ್ನ ಹುಡುಕ್ತಾಳಾ? ಮೊಲ ಏನಾದ್ರೂ ಕಿತ್ತಿದ್ರೆ ಅವತ್ತೇ ನಿನ್ನ ಗಡ್ಡ ಕೀಳ್ತಿದ್ದೆ. ಎಲ್ಲಿ, ಕೊಡಿಲ್ಲಿ.”

ಮಕಾರಿಮ್ ತೆವಳಿಕೊಂಡೇ ಹೋಗಿ ಅವಳ ಮಗ್ಗುಲಲ್ಲಿ ಕೂತ. ಬಟ್ಟೆ ಬಿಡಿಸಿ, ಅವಳ ಹೆಬ್ಬೆರಳು ಹಿಡಿದು ಎಡತುದಿಗೆ ಒಯ್ದ. ಬಲಕ್ಕೆ ಓಡುವ ಮೊಲಗಳ ನಡುವೆ ಒಂದೇ ಒಂದು ಎಡಕ್ಕೆ ತಿರುಗಿ ಕೂತಿತ್ತು, ಇಪ್ಪತ್ತಾರು ವರ್ಷದಿಂದ ಅಲ್ಲೇ. ಅವಳು ಅದರ ಕಿವಿಯನ್ನು ಸವರಿದಳು, ಬೆನ್ನನ್ನು ಸವರಿದಳು.

“ನೀನು ಮತ್ತೆ ನೇಯ್ತಿದ್ದದ್ದೂ ಗೊತ್ತಿತ್ತು,” ಎಂದಳು ಮೆಲ್ಲಗೆ. “ಬೇಡ ಅನ್ನೋಣ ಅಂದ್ಕೊಂಡೆ. ಆದ್ರೆ ನೀನು ಮೇಲೆ ಕೂತು ಗುನುಗೋದು ಕೇಳ್ತಿತ್ತು. ಹಿಂದೆ ಮನೇಲೇ ಮಗ್ಗ ಇದ್ದಾಗ ಕೇಳಿಸ್ತಿತ್ತಲ್ಲಾ, ಹಾಗೇ. ಎಷ್ಟು ವರ್ಷ ಆಗಿತ್ತು ಕೇಳಿ. ನನ್ನ ಸ್ವಾರ್ಥ, ಸುಮ್ನಿದ್ದೆ.”

ಮಕಾರಿಮ್ ಅವಳ ಕೈಯ ಮೇಲೆ ಹಣೆ ಇಟ್ಟು, ಈ ಸಲ ಮರೆಯಿಲ್ಲದೆ ಅತ್ತ. ಅವಳು ಅವನ ತಲೆ ನೇವರಿಸುತ್ತಾ, “ಸಾಕು, ಸಾಕು. ಬಟ್ಟೆ ಒದ್ದೆ ಮಾಡ್ಬೇಡ, ಬಣ್ಣ ಬಿಟ್ಟೀತು,” ಎಂದಳು.

ನೈಲ್ ಇಳಿಯಲು ಶುರುವಾಗಿ ಎಂಟನೇ ದಿನ ಬೆಳಿಗ್ಗೆ ತುರ್ಫಾ ಹೋದಳು. ಹಿಂದಿನ ದಿನ ಖರ್ಜೂರ ಕೇಳಿ ಎರಡು ತಿಂದು, ಮೂರನೆಯದನ್ನು ಹುಳುಕು ಎಂದು ಬೈದು ಎಸೆದಿದ್ದಳು. ಹೆಣ ತೊಳೆಯುವ ಉಮ್ಮ್ ನಸ್ರ್ ಬಂದು ತೊಳೆದು, ಕಫನು ಉಡಿಸಿ, ಪದ್ಧತಿಯಂತೆ ಪಟ್ಟಿಯನ್ನು ಹಾಸಿ, ಹೆಸರು ಸರಿಯಾಗಿ ಕಣ್ಣಿನ ಮೇಲೆ ಬರುವಂತೆ ಎಳೆದು, ಕಡೆಯ ಸಲ ಮುಖ ನೋಡಲು ಮಕಾರಿಮನನ್ನು ಒಳಗೆ ಕರೆದಳು.

ಅವನು ಬಂದು ಮಂಡಿಯೂರಿ ಕೂತ. ಪಟ್ಟಿಯನ್ನು ಹಿಡಿದು ಮೆಲ್ಲಗೆ ಒಂದು ಗೇಣು ಬಲಕ್ಕೆ, ನಾಲ್ಕು ಬೆರಳು ಮೇಲಕ್ಕೆ ಸರಿಸಿದ. ಖಲೀಫರ ಹೆಸರು ಅರ್ಧ ಕಿವಿಯ ಹಿಂದೆ ಹೋಯಿತು, ಅರ್ಧ ಕೂದಲಿನ ಕಡೆ ಹೋಯಿತು. ಎಡಕ್ಕೆ ತಿರುಗಿದ ಮೊಲ ಸರಿಯಾಗಿ ಕಣ್ಣಿನ ಮೇಲೆ ಬಂದು ಕೂತಿತು.

“ಅಯ್ಯಯ್ಯೋ, ಇದೇನಣ್ಣಾ! ಹೆಸರು ಕಣ್ಣಿನ ಮೇಲೆ ಬರ್ಬೇಕು,” ಎಂದಳು ಉಮ್ಮ್ ನಸ್ರ್.

“ನಮ್ಮನೇಲಿ ಹೀಗೇ ತಾಯಿ,” ಎಂದ ಮಕಾರಿಮ್.

ಅವಳನ್ನು ಜುಮಾನಾಳ ಪಕ್ಕದಲ್ಲೇ ಇಟ್ಟರು. ಮೂರು ದಿನ ದುಃಖಕ್ಕೆ ಕೂತು, ನಾಲ್ಕನೇ ದಿನ ಮಕಾರಿಮ್ ಮಗ್ಗಶಾಲೆಗೆ ಹೋದ. ಯಜಮಾನ ಎಣಿಕೆ ಹಾಡುತ್ತಿದ್ದ. ಮಕಾರಿಮನ ಬೆರಳು ಹೊಸ ಹೆಸರನ್ನು ಒಂದು ತಪ್ಪಿಲ್ಲದೆ ನೇಯ್ದು, ಅದರ ಕೆಳಗಿನ ಮೊಲದ ಸಾಲಿಗೆ ಬಂತು. ಬಲಕ್ಕೆ ಒಂದು, ಬಲಕ್ಕೆ ಇನ್ನೊಂದು, ಬಲಕ್ಕೆ ಮತ್ತೊಂದು. ಆಮೇಲೆ ಸ್ವಲ್ಪ ಹೊತ್ತು ಕೈ ನಿಂತಿತು. ಮುಂದಿನದನ್ನು ಎಡಕ್ಕೆ ತಿರುಗಿಸಿದ.

ಬುಕ್ತುರ್ ತನ್ನ ಮಗ್ಗದಿಂದ ಬಗ್ಗಿ ನೋಡಿದ. “ಏಯ್, ತಪ್ಪಾಯ್ತಲ್ಲೋ. ಬಿಚ್ಚಿಬಿಡು. ಯಜಮಾನನ ಕಣ್ಣಿಗೆ ಬಿದ್ರೆ ಇಡೀ ಬಟ್ಟೇನೇ ಬೇಡ ಅಂತ ನಿನ್ನ ಮುಖಕ್ಕೆ ಎಸೀತಾನೆ.”

“ಎಸೀಲಿ ಅಂತಾನೇ,” ಎಂದ ಮಕಾರಿಮ್. “ನಂಗೂ ಒಂದು ಬೇಕಲ್ಲಪ್ಪಾ.”